ಗಿಡಗಳ ಪಟ್ಟಿ ಕೊನೆಗಿರಲಿ

ಮೈಸೂರಿನ ಹೊಸ ಬಡಾವಣೆಗಳಲ್ಲಿ 40×60 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಸಿದ ಮೇಲೆ ಕೈತೋಟಕ್ಕೆಂದು ಉಳಿಯುವ ಜಾಗ ಹೇಳಿಕೊಳ್ಳುವಷ್ಟೇನೂ ಇರುವುದಿಲ್ಲ. ನಮ್ಮದು ಪೂರ್ವಕ್ಕೆ ಮುಖ ಮಾಡಿದ ಮನೆ. ಮುಂದೆ 12 ಅಡಿಯ ಅಂಗಳ, ಹಿಂದೆ 8 ಅಡಿಯ ಹಿತ್ತಲು, ದಕ್ಷಿಣಕ್ಕೆ 6 ಅಡಿ ಮತ್ತು ಉತ್ತರಕ್ಕೆ 4 ಅಡಿಯ ಓಣಿ. ಇಷ್ಟಕ್ಕೆ ಶುಲ್ಕ ಕೊಟ್ಟು ಲ್ಯಾಂಡ್‌ಸ್ಕೇಪ್ ಡಿಸೈನರ್ ಒಬ್ಬರ ಸಲಹೆ ಪಡೆಯುತ್ತೇವೆ ಎಂದಾಗ ನೆಂಟರಿಷ್ಟರಲ್ಲಿ ಅನೇಕರು ಹುಬ್ಬೇರಿಸಿದರು. ನರ್ಸರಿಗೆ ಹೋಗಿ ಕಣ್ಣಿಗೆ ಹಿಡಿಸಿದ ನಾಲ್ಕು ಗಿಡ ತಂದು ನೆಡುವುದಕ್ಕೆ ನಕ್ಷೆ ಯಾಕೆ ಎಂಬುದು ಅವರ ವಾದ. ಅದು ತಳ್ಳಿಹಾಕುವಂಥ ವಾದವೂ ಅಲ್ಲ. ನಮ್ಮ ಅಜ್ಜಿಯರ ಹಿತ್ತಲುಗಳಿಗೆ ಯಾರೂ ನಕ್ಷೆ ಬರೆದಿರಲಿಲ್ಲ. ಆದರೆ ಆ ಹಿತ್ತಲುಗಳಲ್ಲಿ ಬಾವಿಯಿತ್ತು, ಕೊಟ್ಟಿಗೆಯ ಗೊಬ್ಬರವಿತ್ತು, ಬಚ್ಚಲ ನೀರು ತಾನಾಗಿ ಬಾಳೆಯ ಬುಡಕ್ಕೆ ಹರಿಯುತ್ತಿತ್ತು, ಪಕ್ಕದ ಮನೆಯ ಮಹಡಿ ಬಿಸಿಲಿಗೆ ಅಡ್ಡ ನಿಲ್ಲುತ್ತಿರಲಿಲ್ಲ. ಈಗಿನ ನಿವೇಶನದಲ್ಲಿ ಇವೆಲ್ಲವನ್ನೂ ಯಾರಾದರೂ ಕುಳಿತು ಯೋಚಿಸಿ ಹೊಂದಿಸಬೇಕಾಗುತ್ತದೆ.

ಇಲ್ಲಿ ಬರೆಯಹೊರಟಿರುವುದು ಮುಖ್ಯವಾಗಿ ಆ ಸಲಹೆ ನಡೆದ ಕ್ರಮವನ್ನು ಕುರಿತು. ಡಿಸೈನರ್ ಬಂದೊಡನೆ ಗಿಡಗಳ ಹೆಸರು ಹೇಳುತ್ತಾರೆ, ಬಣ್ಣದ ಚಿತ್ರ ತೋರಿಸುತ್ತಾರೆ ಎಂದು ನಾವೆಲ್ಲ ಕಾದು ಕುಳಿತಿದ್ದೆವು. ಬಂದ ವಿನ್ಯಾಸಕಿ ಗಿಡಗಳ ವಿಷಯವನ್ನೇ ಎತ್ತಲಿಲ್ಲ. ಬಿಸಿಲು, ಮಣ್ಣು, ನೀರು, ಓಡಾಟ, ಆರೈಕೆಗೆ ಸಿಗುವ ಕೈಗಳು, ಇವಿಷ್ಟೂ ಇತ್ಯರ್ಥವಾಗದೆ ಗಿಡದ ಪಟ್ಟಿ ಬರೆಯುವುದು ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದ ಹಾಗೆ ಎಂಬುದು ಅವರ ನಿಲುವು. ಈ ಕೆಲಸದಲ್ಲಿ ಕೊಟ್ಟ ಹಣಕ್ಕೆ ನಿಜವಾದ ಬೆಲೆ ಸಿಕ್ಕಿದ್ದು ಅವರ ಪ್ರಶ್ನೆಗಳಲ್ಲಿ ಮತ್ತು ಅವರು ಬೇಡವೆಂದು ಕೈಬಿಡಿಸಿದ ಸಂಗತಿಗಳಲ್ಲಿ ಎಂದೇ ನನ್ನ ಅಭಿಪ್ರಾಯ.

ಮೊದಲ ಭೇಟಿಯಲ್ಲಿ ಅವರು ಮಾಡಿದ ಕೆಲಸವೆಂದರೆ ಟೇಪು ಹಿಡಿದು, ನೆಲದೊಳಗೆ ಏನೇನು ಹೂತಿದೆ ಎಂದು ಗುರುತಿಸಿಕೊಂಡದ್ದು. ಸಂಪಿನ ಮುಚ್ಚಳ, ಒಳಚರಂಡಿಯ ಚೇಂಬರುಗಳು, ನೀರಿನ ಮೀಟರು, ಕರೆಂಟಿನ ಕೇಬಲ್ಲು ಹಾದುಹೋದ ದಾರಿ, ಮಳೆನೀರಿನ ಪೈಪುಗಳು ಗೋಡೆಯಿಂದ ಇಳಿಯುವ ಜಾಗ, ಇವೆಲ್ಲವನ್ನೂ 1:50ರ ಅಳತೆಯಲ್ಲಿ ಕಾಗದದ ಮೇಲೆ ತಂದರು. ಮನೆಯ ಮಂಜೂರಾದ ನಕ್ಷೆಯಲ್ಲಿ ತೋರಿಸಿದ ಕಡೆ ಚೇಂಬರುಗಳು ಇರುವುದಿಲ್ಲ ಎಂಬುದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ವಿಷಯ. ಪ್ಲಂಬರ್ ತನಗೆ ಅನುಕೂಲವಾದಲ್ಲಿ ಅಗೆದಿರುತ್ತಾನೆ. ಕಾಗದದ ಮೇಲೆ ಇದನ್ನು ನೋಡಿದಾಗಲೇ, ಅಂಗಳದ ನಡುಮಧ್ಯೆ ಮರವೊಂದನ್ನು ಕಲ್ಪಿಸಿಕೊಂಡಿದ್ದ ಜಾಗದ ಎರಡಡಿ ಕೆಳಗೆ ಸಂಪಿನ ಗೋಡೆ ಇದೆಯೆಂಬುದು ಸ್ಪಷ್ಟವಾಯಿತು. ಆಲ, ಅತ್ತಿ, ಅರಳಿಗಳಂಥ ಬೇರು ಹರಡುವ ಮರಗಳನ್ನು ಸಂಪು, ಪಾಯ, ಕಾಂಪೌಂಡುಗಳ ಹತ್ತಿರ ನೆಡಬಾರದು ಎಂಬುದು ಎಲ್ಲರಿಗೂ ತಿಳಿದಿದೆ; ಆದರೆ ಸಣ್ಣ ಕುಂಡದಲ್ಲಿ ಚೆಂದಕ್ಕೆ ಸಿಗುವ ಫೈಕಸ್ ಜಾತಿಯ ಅಲಂಕಾರಿಕ ಗಿಡಗಳೂ ಇದೇ ಕುಲದವು, ನೆಲಕ್ಕಿಳಿದರೆ ಬುದ್ಧಿ ಬದಲಾಯಿಸುತ್ತವೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಬಿಸಿಲಿನ ವಿಷಯದಲ್ಲಿ ಕಲಿತದ್ದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ತೋಟಗಾರಿಕೆಯ ಪುಸ್ತಕಗಳಲ್ಲಿ, ಅದರಲ್ಲೂ ಹೊರದೇಶದ ಪುಸ್ತಕಗಳಲ್ಲಿ, ದಕ್ಷಿಣ ದಿಕ್ಕಿಗೆ ಸದಾ ಬಿಸಿಲು, ಉತ್ತರಕ್ಕೆ ಸದಾ ನೆರಳು ಎಂದಿರುತ್ತದೆ. ಮೈಸೂರು ಇರುವುದು ಉತ್ತರ ಅಕ್ಷಾಂಶ 12 ಡಿಗ್ರಿ ಚಿಲ್ಲರೆಯಲ್ಲಿ. ಹೀಗಾಗಿ ಏಪ್ರಿಲ್ ನಾಲ್ಕನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ವರ್ಷದ ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುವುದರಿಂದ 24 ಅಡಿ ಎತ್ತರದ ಮನೆಯ ನೆರಳು ಉತ್ತರಕ್ಕೆ ಸುಮಾರು 17 ಅಡಿ ಚಾಚುತ್ತದೆ. ಜೂನ್ ತಿಂಗಳಲ್ಲಿ ಅದೇ ಮನೆಯ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಅದೂ ಐದಡಿಗಿಂತ ತುಸು ಕಡಿಮೆ.

ಇದನ್ನು ನಮ್ಮ ದಕ್ಷಿಣದ ಓಣಿಗೆ ಅನ್ವಯಿಸಿದಾಗ ಹೊರಬಿದ್ದ ಫಲಿತಾಂಶ ನಾವು ಊಹಿಸದೇ ಇದ್ದದ್ದು. ಆರಡಿಯ ಆ ಓಣಿಯಲ್ಲಿ ಚಳಿಗಾಲದ ಬಿಸಿಲು ಧಾರಾಳವಾಗಿ ಬೀಳುವುದನ್ನು ನೋಡಿ ದಾಸವಾಳದ ಸಾಲನ್ನು ಅಲ್ಲಿಯೇ ನೆಡುವುದೆಂದು ಮನೆಯಲ್ಲಿ ಮಾತಾಗಿತ್ತು. ವಿನ್ಯಾಸಕಿ ಪಕ್ಕದ ಖಾಲಿ ನಿವೇಶನವನ್ನು ತೋರಿಸಿ, ಅಲ್ಲಿ ಇಂದಲ್ಲ ನಾಳೆ ಇಷ್ಟೇ ಎತ್ತರದ ಮನೆ ಬರುತ್ತದೆ, ಅದು ನಮ್ಮ ಗಡಿಯಿಂದ ನಾಲ್ಕಡಿ ಆಚೆ ನಿಂತರೂ ಡಿಸೆಂಬರಿನಲ್ಲಿ ಅದರ 17 ಅಡಿ ನೆರಳು ಓಣಿಯನ್ನು ದಾಟಿ ನಮ್ಮ ಗೋಡೆಯನ್ನೇ ಹತ್ತುತ್ತದೆ ಎಂದು ಲೆಕ್ಕ ಹಾಕಿದರು. ಜೂನಿನ ನಡುಹಗಲಲ್ಲಿ ನಮ್ಮ ಮನೆಯ ನೆರಳು, ಡಿಸೆಂಬರಿನಲ್ಲಿ ನೆರೆಮನೆಯ ನೆರಳು. ಎರಡು ಗೋಡೆಗಳ ನಡುವಿನ ಆ ಜಾಗಕ್ಕೆ ನೆತ್ತಿಯ ಬಿಸಿಲು ಸಿಗುವುದು ಬೇಸಿಗೆಯಲ್ಲಿ ಮತ್ತು ಮಳೆಗಾಲದ ಕೊನೆಯಲ್ಲಿ ಮಾತ್ರ. ದಾಸವಾಳವನ್ನು ಅಲ್ಲಿಂದ ಎಬ್ಬಿಸಿ, ನೆರಳನ್ನೇ ಬಯಸುವ ವೀಳ್ಯದೆಲೆಯ ಬಳ್ಳಿಯನ್ನು ಗೋಡೆಗೆ ಹಬ್ಬಿಸಿ, ಬುಡದಲ್ಲಿ ಒಂದೆಲಗ, ಕೆಸು, ದೊಡ್ಡಪತ್ರೆ ಬೆಳೆಸಬಹುದು ಎಂದರು. ಮೈಸೂರಿನ ಚಿಗುರೆಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವ ಊರಿನಲ್ಲಿ ಇದ್ದುಕೊಂಡು ಈ ಯೋಚನೆ ನಮಗೇ ಬರಬಾರದಿತ್ತೇ ಎನ್ನಿಸಿತು. ಇಂದಿನ ಬಿಸಿಲನ್ನು ನೋಡಿ ನಾಳೆಯ ತೋಟವನ್ನು ಯೋಜಿಸಲಾಗದು ಎನ್ನುವುದು ಇಷ್ಟು ನಿಖರವಾಗಿ ನನಗೆ ಬೇರೆಲ್ಲೂ ಮನವರಿಕೆಯಾಗಿರಲಿಲ್ಲ.

ಮುಂದಿನ ಅಂಗಳಕ್ಕೆ ಬೆಳಗಿನ ಬಿಸಿಲು, ಮಧ್ಯಾಹ್ನದ ಮೇಲೆ ಮನೆಯದೇ ನೆರಳು. ಹಿತ್ತಲಿಗೆ ಇದಕ್ಕೆ ವಿರುದ್ಧವಾಗಿ ಪಡುವಣದ ಕಡುಬಿಸಿಲು. ಅಡುಗೆಮನೆಯ ಗೋಡೆ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ರಾತ್ರಿ ಎಂಟರವರೆಗೂ ಕಾದಿರುವುದು ಈ ಬಿಸಿಲಿನಿಂದಲೇ. ಆ ಕಡೆಗೆ ಎತ್ತರದ ಗಿಡ ಬೇಕು ಎಂದು ವಿನ್ಯಾಸಕಿ ಹೇಳುತ್ತಿರುವಾಗ, ವಾಸ್ತುವಿನಲ್ಲಿ ಅಪಾರ ನಂಬಿಕೆಯುಳ್ಳ ನನ್ನ ಭಾವನವರು ನೈಋತ್ಯ ಭಾರವಾಗಿರಬೇಕು, ಈಶಾನ್ಯ ಹಗುರವಾಗಿರಬೇಕು ಎಂದು ಅದನ್ನೇ ತಮ್ಮ ಭಾಷೆಯಲ್ಲಿ ಅನುಮೋದಿಸಿದರು. ಇಬ್ಬರ ಕಾರಣಗಳೂ ಬೇರೆ, ಗುಂಡಿ ತೋಡುವ ಜಾಗ ಒಂದೇ ಆದದ್ದರಿಂದ ಆ ದಿನ ಚರ್ಚೆ ಬೇಗ ಮುಗಿಯಿತು.

ಮಣ್ಣಿನ ಪರೀಕ್ಷೆಯ ವಿಧಾನ ಬಲು ಸರಳವಾದದ್ದು. ಅಂಗಳದಲ್ಲಿ ಒಂದಡಿ ಆಳದ ಗುಂಡಿ ತೆಗೆಸಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಎರಡನೆಯ ಸಲ ನೀರು ಇಳಿಯುವ ವೇಗವನ್ನು ಅಡಿಪಟ್ಟಿ ಇಟ್ಟು ಅಳೆದರು. ಗಂಟೆಗೆ ಒಂದಿಂಚಾದರೂ ಇಳಿಯಬೇಕು. ಹಿತ್ತಲಿನಲ್ಲಿ ಕೆಂಪು ಮಣ್ಣು ಸಲೀಸಾಗಿ ಕುಡಿಯಿತು; ಮುಂದಿನ ಅಂಗಳದಲ್ಲಿ ಮಾತ್ರ ನೀರು ಕೆರೆಯಂತೆ ನಿಂತಿತು. ಗುಂಡಿಯ ಗೋಡೆಯನ್ನು ಕೆರೆದು ನೋಡಿದರೆ ಒಡೆದ ಇಟ್ಟಿಗೆ, ಟೈಲ್ಸ್ ಚೂರು, ಗಟ್ಟಿಯಾದ ಸಿಮೆಂಟಿನ ಹಾಳೆಗಳು ಪದರಪದರವಾಗಿ ಕಂಡವು. ಗಾರೆಯವರು ದಿನದ ಕೊನೆಗೆ ಬಾಂಡಲಿ ತೊಳೆದ ನೀರನ್ನು ಚೆಲ್ಲುವುದು ಮುಂದಿನ ಅಂಗಳದಲ್ಲೇ. ಸಿಮೆಂಟು, ಸುಣ್ಣ ಬೆರೆತ ಮಣ್ಣು ಕ್ಷಾರವಾಗುತ್ತದೆ; ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಹೊಸ ಮನೆಗಳ ಮುಂದೆ ಇಕ್ಸೋರಾ ಗಿಡಗಳ ಎಳೆಯ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ, ಅದಕ್ಕೆ ಎಷ್ಟು ಸಗಣಿಗೊಬ್ಬರ ಸುರಿದರೂ ಕೂಡಲೇ ಪರಿಹಾರವಿಲ್ಲ. ಮೇಲಿನ ಒಂದೂವರೆ ಅಡಿಯನ್ನು ತೆಗೆಸಿ ಬೇರೆ ಮಣ್ಣು ತುಂಬಿಸಬೇಕೆಂದು ತೀರ್ಮಾನವಾಯಿತು.

ತುಂಬಿಸುವ ಮಣ್ಣಿನ ಬಗ್ಗೆ ಒಂದು ಎಚ್ಚರಿಕೆಯನ್ನು ಅವರು ಒತ್ತಿ ಹೇಳಿದರು. ಲೋಡಿನ ಲೆಕ್ಕದಲ್ಲಿ ಬರುವ ಕೆಂಪು ಮಣ್ಣಿನೊಳಗೆ ಜೇಕು ಎಂಬ ಕಳೆಯ ಗಡ್ಡೆಗಳಿದ್ದರೆ ಆ ತೋಟದ ಮಾಲೀಕರಿಗೆ ಜೀವಮಾನವಿಡೀ ಕೆಲಸ ತಪ್ಪುವುದಿಲ್ಲ. ಪಾರ್ಥೇನಿಯಂ, ನಮ್ಮ ಜನ ಕಾಂಗ್ರೆಸ್ ಗಿಡ ಎನ್ನುವ ಅದು, ಬೀಜದಿಂದ ಬರುವುದರಿಂದ ಹೂ ಬಿಡುವ ಮೊದಲೇ ಕಿತ್ತು ಹತೋಟಿಗೆ ತರಬಹುದು. ಜೇಕು ಹಾಗಲ್ಲ, ಮೇಲೆ ಕಿತ್ತಷ್ಟೂ ಕೆಳಗಿನ ಗಡ್ಡೆ ಮತ್ತೆ ಚಿಗುರುತ್ತದೆ. ಆದ್ದರಿಂದ ಮಣ್ಣನ್ನು ಇಳಿಸುವ ಮೊದಲು ಅದನ್ನು ತೆಗೆಯುವ ಜಾಗವನ್ನು ಹೋಗಿ ನೋಡಿ, ಒಂದು ಹಿಡಿಯನ್ನು ಜರಡಿ ಹಿಡಿದು ಪರೀಕ್ಷಿಸಬೇಕು. ರಸಸಾರ, ಪೋಷಕಾಂಶಗಳ ವಿವರ ಬೇಕಿದ್ದವರು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಣ್ಣಿನ ಮಾದರಿ ಕೊಟ್ಟು ವರದಿ ಪಡೆಯಬಹುದು.

ನೀರಿನ ಮಾತಿಗೆ ಬಂದಾಗ ಮನೆಯಲ್ಲಿ ಮೊದಲ ಭಿನ್ನಾಭಿಪ್ರಾಯ ತಲೆದೋರಿತು. ಮಗನಿಗೆ ಅಂಗಳದ ತುಂಬ ಹುಲ್ಲುಹಾಸು ಬೇಕಿತ್ತು. ಕಾರು ನಿಲ್ಲುವ ಜಾಗ, ನಡೆಯುವ ದಾರಿ ಬಿಟ್ಟು ಉಳಿಯುವ ಸುಮಾರು 250 ಚದರ ಅಡಿ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು ನೂರು ಲೀಟರ್ ನೀರು ಬೇಕು. ಹದಿನೈದು ದಿನಕ್ಕೊಮ್ಮೆ ಕತ್ತರಿಸಬೇಕು, ಕಳೆ ಕೀಳಬೇಕು, ಕೊರಿಯನ್ ಹುಲ್ಲಾದರೆ ಗಂಟುಗಂಟಾಗಿ ಉಬ್ಬಿದಾಗ ಸವರಬೇಕು. ಇದಕ್ಕೆಲ್ಲ ಮನೆಯಲ್ಲಿ ಯಾರಿದ್ದಾರೆ ಎಂದು ವಿನ್ಯಾಸಕಿ ಕೇಳಿದ್ದಕ್ಕೆ ಮಗ ಅಮ್ಮನ ಕಡೆಗೂ, ಅಮ್ಮ ನನ್ನ ಕಡೆಗೂ ನೋಡಿದರು. ಕೊನೆಗೆ ಹುಲ್ಲುಹಾಸು 80 ಚದರ ಅಡಿಗೆ ಇಳಿಯಿತು. ಅದೂ ತುಳಿದರೂ ತಾಳಿಕೊಳ್ಳುವ, ಗಣಪತಿ ಪೂಜೆಗೂ ಒದಗುವ ನಮ್ಮ ಗರಿಕೆ. ಗರಿಕೆಯ ಹಾಸು ಕೊರಿಯನ್ ಹುಲ್ಲಿನಷ್ಟು ನಯವಾಗಿ ಕಾಣುವುದಿಲ್ಲ ಎಂಬುದು ನಿಜ, ಆದರೆ ಬೇಸಿಗೆಯಲ್ಲಿ ಒಣಗಿ ಕಂದಾದದ್ದು ಮೊದಲ ಮಳೆಗೆ ಯಾರ ಸಹಾಯವೂ ಇಲ್ಲದೆ ಚಿಗುರಿಕೊಳ್ಳುತ್ತದೆ.

ಮೈಸೂರಿಗೆ ವರ್ಷಕ್ಕೆ ಸರಾಸರಿ ಸುಮಾರು 800 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್. ನಮ್ಮ 1,200 ಚದರ ಅಡಿಯ ತಾರಸಿ ಹತ್ತಿರಹತ್ತಿರ 111 ಚದರ ಮೀಟರ್ ಆಗುವುದರಿಂದ, ಆವಿಯಾಗಿ, ಚೆಲ್ಲಿ ಹೋಗುವುದನ್ನು ಕಳೆದರೂ ವರ್ಷಕ್ಕೆ 70,000 ಲೀಟರಿನಷ್ಟು ನೀರು ಇಳಿಯುತ್ತದೆ. ಇದನ್ನು ಕೇಳಿದವರೆಲ್ಲ ಹಿಗ್ಗುತ್ತಾರೆ. ಆದರೆ 20 ಮಿಲಿಮೀಟರಿನ ಒಂದೇ ಮಳೆಗೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಒಮ್ಮೆಲೇ ಬರುತ್ತದೆ, ಇಲ್ಲಿನ ಮಳೆ ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಗುಡುಗು ಸಮೇತ ಸುರಿದು ಹೋಗುತ್ತದೆ, ನಡುವೆ ಜಿಟಿಜಿಟಿ ಹನಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎಲ್ಲವನ್ನೂ ತೊಟ್ಟಿಯಲ್ಲಿ ಹಿಡಿದಿಡುವ ಆಸೆ ಬಿಡಬೇಕಾಗುತ್ತದೆ. ಸಂಪಿನೊಳಕ್ಕೆ ಸೋಸಿ ಬಿಡುವಷ್ಟನ್ನು ಬಿಟ್ಟು, ಮಿಕ್ಕದ್ದನ್ನು ತೋಟದ ಮಣ್ಣಿಗೇ ಕುಡಿಸುವುದು ವಿನ್ಯಾಸಕಿಯ ಯೋಜನೆ. ಪಾಯದಿಂದ ಹೊರಮುಖವಾಗಿ ಹತ್ತಡಿಗೆ ಒಂದೆರಡು ಇಂಚು ಇಳಿಜಾರು, ಕೊನೆಯಲ್ಲಿ ಜಲ್ಲಿ ತುಂಬಿದ ಆಳದ ಕಾಲುವೆ, ತುಂಬಿ ತುಳುಕಿದರೆ ರಸ್ತೆಯ ಚರಂಡಿಗೆ ಹೋಗಲು ಒಂದು ದಾರಿ. ಅಂಗಳಕ್ಕೆ ಸಿಮೆಂಟು ಬಳಿಯದೆ, ಸಂದಿಯಲ್ಲಿ ನೀರಿಳಿಯುವಂತೆ ಚಪ್ಪಡಿ ಕಲ್ಲುಗಳನ್ನು ಮರಳಿನ ಮೇಲೆ ಕೂರಿಸಬೇಕು ಎಂದದ್ದು ಇದೇ ಕಾರಣಕ್ಕೆ. ನಕ್ಷೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ನೀರನ್ನು ಹಿತ್ತಲಿನ ಬಾಳೆಗೂ ಕ್ಯಾನಾ ಗಿಡಗಳಿಗೂ ತಿರುಗಿಸಲಾಗಿದೆ. ಕರಿಬೇವು, ಸೊಪ್ಪುಗಳಿಗೆ ಅದನ್ನು ಬಿಡಕೂಡದು.

ಓಡಾಟದ ಬಗ್ಗೆ ಅವರು ಕೇಳಿದ ಪ್ರಶ್ನೆಗಳು ಮನೆಯ ದಿನಚರಿಯನ್ನೇ ಬಗೆದು ನೋಡುವಂತಿದ್ದವು. ಬೆಳಗ್ಗೆ ರಂಗೋಲಿ ಹಾಕುವವರು ಗೇಟಿನ ಒಳಗೆ ಹಾಕುತ್ತಾರೋ ಹೊರಗೋ, ಸಿಲಿಂಡರ್ ಯಾವ ದಾರಿಯಲ್ಲಿ ಹಿತ್ತಲಿಗೆ ಹೋಗುತ್ತದೆ, ಬಟ್ಟೆ ಎಲ್ಲಿ ಒಣಗುತ್ತದೆ, ತುಳಸಿಗೆ ಪ್ರದಕ್ಷಿಣೆ ಹಾಕುವ ವಾಡಿಕೆ ಇದೆಯೋ ಅಥವಾ ಎದುರು ನಿಂತು ಕೈಮುಗಿದರೆ ಸಾಕೋ ಎಂಬುದೆಲ್ಲವೂ ಬಂತು. ಪ್ರದಕ್ಷಿಣೆಯಿದ್ದರೆ ಕಟ್ಟೆಯ ಸುತ್ತ ಎರಡೂವರೆ ಅಡಿ ಬಿಡಬೇಕು, ಮತ್ತು ಆ ಜಾಗ ಮಳೆಯಲ್ಲಿ ಜಾರಬಾರದು. ಸಿಲಿಂಡರ್ ಹೊತ್ತವನ ಹೆಗಲಿಗೆ ಕೊಂಬೆ ತಾಗದಿರಲು ಉತ್ತರದ ಓಣಿಯಲ್ಲಿ ಏನನ್ನೂ ನೆಡದಿರುವುದೇ ಒಳ್ಳೆಯದೆಂದು ತೀರ್ಮಾನವಾಯಿತು. ಕಮಲದ ಕೊಳವೊಂದು ಬೇಕೆಂದು ನಾನು ಮೆಲ್ಲಗೆ ಹೇಳಿದ್ದಕ್ಕೆ, ಗಪ್ಪಿ ಮೀನು ಬಿಟ್ಟು ವಾರವಾರ ನೋಡಿಕೊಳ್ಳುವ ವ್ರತ ತೊಡುವುದಾದರೆ ಮಾತ್ರ, ಇಲ್ಲದಿದ್ದರೆ ಡೆಂಗಿಯ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟಂತೆ ಎಂದು ಉತ್ತರ ಬಂತು.

ಇಷ್ಟಾದ ಮೇಲೆ ಗಿಡಗಳ ಸರದಿ. ಅಮ್ಮ ಹಿಂದಿನ ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದಾಗಿನಿಂದ ಬಣ್ಣಬಣ್ಣದ ಹೂಗಳ ಹಾಸಿನ ಕನಸಿನಲ್ಲಿದ್ದರು. ಅಲ್ಲಿನ ಸಾಲ್ವಿಯಾ, ಪೆಟೂನಿಯಾಗಳು ಆ ಕೆಲವು ದಿನಗಳಿಗೆಂದೇ ಕುಂಡಗಳಲ್ಲಿ ಬೆಳೆಸಿ ಜೋಡಿಸಿಟ್ಟವು, ಋತು ಮುಗಿದರೆ ಒಣಗುವಂಥವು ಎಂದು ವಿನ್ಯಾಸಕಿ ವಿವರಿಸಿ, ಅದಕ್ಕೆ ಬದಲಾಗಿ ಬೆಂಗಳೂರಿನ ಬೀದಿಗಳನ್ನು ಉದಾಹರಣೆ ಕೊಟ್ಟರು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲೂ ಬರೋಡ ಸಂಸ್ಥಾನದಲ್ಲೂ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಕ್ರುಂಬಿಗೆಲ್ ಅವರು, ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ರಸ್ತೆಗಳಿಗೆ ಮರಗಳನ್ನು ಆರಿಸಿದ್ದರು. ಅದೇ ಸೂತ್ರವನ್ನು ಪುಟ್ಟ ಅಂಗಳಕ್ಕೆ ಇಳಿಸುವುದಾದರೆ ಮಲ್ಲಿಗೆಯ ಕುಲವೊಂದೇ ಸಾಕು: ಬೇಸಿಗೆಗೆ ದುಂಡುಮಲ್ಲಿಗೆ, ಮಳೆಗಾಲಕ್ಕೆ ಜಾಜಿ, ಚಳಿಗಾಲಕ್ಕೆ ಕಾಕಡ. ನಡುವೆ ಶ್ರಾವಣದಿಂದ ಕಾರ್ತಿಕದವರೆಗೆ ಪಾರಿಜಾತ, ವರ್ಷವಿಡೀ ನಂದಿಬಟ್ಟಲು ಮತ್ತು ಕನಕಾಂಬರ. ದಿನವೂ ದೇವರಿಗೆ ಒಂದು ಬುಟ್ಟಿ ಹೂ ಎಂಬ ಅಮ್ಮನ ನಿಜವಾದ ಬೇಡಿಕೆಯನ್ನು ಇಷ್ಟು ಗಿಡಗಳು ಪೂರೈಸುತ್ತವೆ, ಪ್ರದರ್ಶನದ ಹೂಹಾಸು ಪೂರೈಸುವುದಿಲ್ಲ.

ಬಿಟ್ಟದ್ದೂ ಬಹಳ. ತೆಂಗಿಗೆ ಸುತ್ತ 25 ಅಡಿ ಬೇಕು, ಕಾಯಿ ಬೀಳುವುದು ನೆರೆಯವರ ಕಾರಿನ ಮೇಲೆ. ಚಿಕ್ಕಪ್ಪ ಸೂಚಿಸಿದ ಶ್ರೀಗಂಧವು ಬೇರೆ ಗಿಡದ ಬೇರಿಗೆ ತನ್ನ ಬೇರು ತಗುಲಿಸಿ ಬದುಕುವ ಅರೆ ಪರಾವಲಂಬಿ, ಮತ್ತು ಚೇಗು, ಅಂದರೆ ಮರದ ಗಟ್ಟಿ ತಿರುಳು, ಬಲಿತ ಮೇಲೆ ಕಳ್ಳರನ್ನು ಕಾಯುವ ಕೆಲಸ ನಮ್ಮದು. ಬೇಲಿಯ ಮರೆಗೆಂದು ಈಚೆಗೆ ಎಲ್ಲೆಡೆ ನೆಡುತ್ತಿರುವ ಕೋನೋಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿದ್ದನ್ನು ನೆನಪಿಸಿ, ಅದರ ಜಾಗಕ್ಕೆ ಕಾಂಪೌಂಡಿನುದ್ದಕ್ಕೂ ದಾಸವಾಳವನ್ನೇ ಎತ್ತರಕ್ಕೆ ಬೆಳೆಯಗೊಡಲು ಹೇಳಿದರು. ಹೀಗೆ ಓಣಿಯಿಂದ ಎದ್ದ ದಾಸವಾಳಕ್ಕೆ ಮುಂದಿನ ಅಂಗಳದಲ್ಲಿ ನೆಲೆ ಸಿಕ್ಕಿತು. ಹಿತ್ತಲಿಗೆ ನುಗ್ಗೆ, ಕರಿಬೇವು, ನಿಂಬೆ, ಎರಡು ಬಾಳೆ.

ಹಣಕಾಸಿನ ಬಗ್ಗೆ ಎರಡು ಮಾತು. ನಮ್ಮಲ್ಲಿ ಅನೇಕ ನರ್ಸರಿಗಳೂ ಗುತ್ತಿಗೆದಾರರೂ ನಕ್ಷೆಯನ್ನು ಉಚಿತವಾಗಿ ಬರೆದುಕೊಡುತ್ತಾರೆ. ಗಿಡ ಮಾರುವವರೇ ಗಿಡದ ಸಂಖ್ಯೆಯನ್ನೂ ನಿರ್ಧರಿಸಿದರೆ, ಐದಡಿ ಅಂತರ ಬೇಕಾದಲ್ಲಿ ಎರಡಡಿಗೊಂದು ಗಿಡ ಬರುವುದು ಸಹಜ. ಮೊದಲ ದಿನ ತುಂಬಿದಂತೆ ಕಾಣುತ್ತದೆ, ಎರಡನೆಯ ವರ್ಷ ಅರ್ಧವನ್ನು ಕೀಳಬೇಕಾಗುತ್ತದೆ. ವಿನ್ಯಾಸದ ಶುಲ್ಕವನ್ನು ಪ್ರತ್ಯೇಕವಾಗಿ ಪಡೆದು, ಗಿಡ, ಕಲ್ಲು, ಮಣ್ಣಿನ ಮಾರಾಟದಲ್ಲಿ ಪಾಲಿಲ್ಲದವರನ್ನು ಹುಡುಕಿದ್ದು ಇದಕ್ಕಾಗಿ. ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲು 1972ರ ಕಾಯ್ದೆಯಡಿ ನೋಂದಣಿ ಬೇಕು. ಲ್ಯಾಂಡ್‌ಸ್ಕೇಪ್ ಡಿಸೈನರ್ ಎಂಬ ಫಲಕವನ್ನು ಮಾತ್ರ ಯಾರು ಬೇಕಾದರೂ ತಗುಲಿಸಬಹುದು. ಹಾಗಾಗಿ ಅವರು ಹಿಂದೆ ಮಾಡಿದ ತೋಟಗಳನ್ನು, ಅದೂ ಮೂರು ನಾಲ್ಕು ವರ್ಷ ಹಳೆಯದಾದವನ್ನು, ಬೇಸಿಗೆಯಲ್ಲಿ ಹೋಗಿ ನೋಡುವುದೇ ಸರಿಯಾದ ಪರೀಕ್ಷೆ. ಹೊಸ ತೋಟದ ಫೋಟೋಗಳು ಎಲ್ಲರ ಮೊಬೈಲಿನಲ್ಲೂ ಚೆನ್ನಾಗಿಯೇ ಇರುತ್ತವೆ.

ಕೆಲಸ ಹಂತಹಂತವಾಗಿ ನಡೆಯಲಿದೆ. ಮಣ್ಣು ತೆಗೆಯುವುದು, ಇಳಿಜಾರು, ಕಾಲುವೆ, ಪೈಪುಗಳು ಬೇಸಿಗೆಯಲ್ಲೇ ಮುಗಿಯಬೇಕು. ಗಿಡಗಳು ಜೂನಿನ ಮಳೆ ಹಿಡಿದ ಮೇಲೆ. ಗುತ್ತಿಗೆದಾರರ ಕರಾರಿನಲ್ಲಿ ಮೂರು ತಿಂಗಳೊಳಗೆ ಸತ್ತ ಗಿಡಗಳನ್ನು ಅವರೇ ಬದಲಿಸಬೇಕೆಂದೂ, ಮಣ್ಣಿನಲ್ಲಿ ಜೇಕು ಕಂಡರೆ ಲೋಡನ್ನು ಹಿಂದಿರುಗಿಸುವ ಹಕ್ಕು ನಮಗಿದೆಯೆಂದೂ ಬರೆಸಲಾಗಿದೆ. ಇನ್ನೂ ಇತ್ಯರ್ಥವಾಗದೆ ಉಳಿದಿರುವುದು ಸಂಪಿಗೆ ಮರ ಮಾತ್ರ. ಅದು ಅಂಗಳದ ಈಶಾನ್ಯ ಮೂಲೆಯಲ್ಲಿ, ತಮ್ಮ ಕೋಣೆಯ ಕಿಟಕಿಗೆ ಪರಿಮಳ ಬರುವಂತೆ ಇರಬೇಕೆಂಬುದು ಅಮ್ಮನ ಹಟ. ಅಲ್ಲಿ ಮರ ಕೂಡದೆಂದು ಭಾವನವರು ಹೇಳುತ್ತಾರೆ. ಚೇಂಬರಿನಿಂದ ಅದು ಮೂರಡಿ ದೂರವೂ ಇಲ್ಲವೆಂದು ವಿನ್ಯಾಸಕಿ ಹೇಳುತ್ತಾರೆ. ಬೇಗ ಹೂ ಬಿಡುವ, ಅಷ್ಟಾಗಿ ಎತ್ತರಕ್ಕೆ ಹೋಗದ ಕಸಿ ಗಿಡವನ್ನು ಹಿತ್ತಲಿನ ನೈಋತ್ಯಕ್ಕೆ ಹಾಕೋಣವೆಂಬ ನನ್ನ ರಾಜಿಸೂತ್ರಕ್ಕೆ ಅಮ್ಮ ಇನ್ನೂ ಒಪ್ಪಿಲ್ಲ. ಆ ಮೂಲೆಯನ್ನು ನಕ್ಷೆಯಲ್ಲಿ ಸದ್ಯಕ್ಕೆ ಪೆನ್ಸಿಲ್‌ನಲ್ಲಿಯೇ ಗುರುತಿಸಲಾಗಿದೆ.